ಆರನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ? ಹಾಸನ ಜಿಲ್ಲೆಯವರಿಗೊಂದು ಹೋಲಿಕೆ

ಆಲೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ತಿದ್ದುಪಡಿ, ಬಸ್ ಪಾಸಿನ ಅರ್ಜಿ, ಮದುವೆ ಕಾಗದದ ಡಿಟಿಪಿ, ಎಲ್ಲ ಇಲ್ಲೇ. ಮುಂಗಾರು ಹಿಡಿದ ಮೇಲೆ ಐದನೇ ಕ್ಲಾಸಿನ ಮಕ್ಕಳ ಅಪ್ಪಂದಿರು ಬರಲು ಶುರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಪ್ಲಾಸ್ಟಿಕ್ ಕವರಿನಿಂದ ಮಗುವಿನ ಫೋಟೊ ತೆಗೆದು ಗಾಜಿನ ಮೇಲಿಟ್ಟು ಎಲ್ಲರೂ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅಣ್ಣ, ನವೋದಯಕ್ಕೆ ಒಂದು ಹಾಕ್ಕೊಡಿ. ಆಗ್ಲಿಲ್ಲ ಅಂದ್ರೆ ಮೊರಾರ್ಜಿ. ಅದೂ ಆಗ್ಲಿಲ್ಲ ಅಂದ್ರೆ ಇಲ್ಲೇ ಎಲ್ಲಾದ್ರೂ."

ನವೋದಯ ಎಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಅದರಲ್ಲಿ ಆರನೇ ತರಗತಿಗೆ ಇಡೀ ಜಿಲ್ಲೆಗೆ ಹೆಚ್ಚೆಂದರೆ 80 ಸೀಟು. ಮೊರಾರ್ಜಿಯಂಥ ರಾಜ್ಯ ಸರ್ಕಾರದ ವಸತಿ ಶಾಲೆಗಳಲ್ಲಿ ತಲಾ 50. ಎಂಟು ತಾಲ್ಲೂಕುಗಳಲ್ಲಿ ಸರ್ಕಾರಿ ಶಾಲೆಗೆ ಹೋಗುವ ಉಳಿದ ಮಕ್ಕಳೆಲ್ಲ ಕೊನೆಗೆ ಕೂರುವುದು ಆ 'ಇಲ್ಲೇ ಎಲ್ಲಾದ್ರೂ' ಎಂಬ ಶಾಲೆಯಲ್ಲಿ. ನವೋದಯದ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ಈ ಶಾಲೆಯ ಬಗ್ಗೆ ಒಂದೂ ಕೇಳುವುದಿಲ್ಲ. ಹಾಗಾಗಿ ನಾನು ಸರದಿ ತಿರುಗಿಸಿ, ಹತ್ತಿರದ ಶಾಲೆಗಳಿಂದಲೇ ಶುರುಮಾಡುತ್ತೇನೆ. ಖಾಸಗಿ ಶಾಲೆಗಳ ಮಾತು ಇಲ್ಲಿ ಎತ್ತುವುದಿಲ್ಲ.

ಹತ್ತಿರದಲ್ಲೇ ಎರಡು ಮೂರು ತರಹ

ನಮ್ಮಜ್ಜಿ ಈಗಲೂ 'ಮಿಡ್ಲಿಸ್ಕೂಲು' ಎನ್ನುತ್ತಾರೆ. ಕಾಗದದ ಮೇಲೆ ಅಂಥದ್ದೊಂದು ಬೇರೆ ಶಾಲೆ ನಮ್ಮಲ್ಲಿಲ್ಲ. 1ರಿಂದ 5 ಇದ್ದರೆ ಕಿರಿಯ ಪ್ರಾಥಮಿಕ, 1ರಿಂದ 7 ಇದ್ದರೆ ಹಿರಿಯ ಪ್ರಾಥಮಿಕ, 8ರಿಂದ 10 ಪ್ರೌಢಶಾಲೆ. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೆಯದನ್ನೂ ಸೇರಿಸಿದ್ದಾರೆ. ಇವುಗಳ ಜೊತೆಗೆ 2018-19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಜನರ ಬಾಯಲ್ಲಿ ಕೆಪಿಎಸ್. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ.

ಮಗು ಈಗ ಓದುತ್ತಿರುವುದು ಐದನೆಯವರೆಗಿನ ಶಾಲೆಯಾದರೆ ಬದಲಾವಣೆ ಹೇಗೂ ತಪ್ಪದು. ಪ್ರಶ್ನೆ ಇಷ್ಟೇ: ಊರ ಪಕ್ಕದ ಏಳನೆಯವರೆಗಿನ ಶಾಲೆಗೆ ಸೇರಿಸಿ ಎರಡೇ ವರ್ಷಕ್ಕೆ ಮತ್ತೆ ಹೈಸ್ಕೂಲಿಗೆ ಬದಲಿಸುವುದೋ, ಈಗಲೇ ಹೋಬಳಿ ಕೇಂದ್ರದ ದೊಡ್ಡ ಶಾಲೆಗೆ ಹಾಕಿ ಹತ್ತನೆಯವರೆಗೆ ಅಲ್ಲೇ ಬಿಡುವುದೋ. ಆರನೇ ಕ್ಲಾಸೊಂದನ್ನೇ ನೋಡಿದರೆ ಊರ ಶಾಲೆ ಗೆಲ್ಲುತ್ತದೆ, ಐದು ವರ್ಷ ಒಟ್ಟಿಗೆ ನೋಡಿದರೆ ಹಲವು ಸಲ ದೊಡ್ಡ ಶಾಲೆ. ಮೊದಲು ಒಂದು ಚೀಟಿಯಲ್ಲಿ 6, 7, 8, 9, 10 ಎಂದು ಬರೆದು ಪ್ರತಿ ಅಂಕಿಯ ಮುಂದೆ ಶಾಲೆಯ ಹೆಸರು ತುಂಬಿಸಿ. ಎಂಟರ ಮುಂದೆ ಕೈ ನಿಂತರೆ ಯೋಚನೆ ಇನ್ನೂ ಅರ್ಧಕ್ಕೇ ನಿಂತಿದೆ ಎಂದು ಗೊತ್ತಾಗುತ್ತದೆ.

ಗಣಿತಕ್ಕೆ ಯಾರು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು. ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸಿನ ಟಿ.ವಿ. ಎಲ್ಲ ಆಮೇಲೆ.

ಐದನೆಯವರೆಗೆ ಒಬ್ಬರೇ ಮೇಷ್ಟ್ರು ಎಲ್ಲ ವಿಷಯ ಹೇಳಿಕೊಟ್ಟರೂ ನಡೆದುಹೋಗುತ್ತದೆ. ಆರರಿಂದ ಹಾಗಲ್ಲ. ಹಿಂದಿ ಹೊಸದಾಗಿ ಬರುತ್ತದೆ, ವಿಜ್ಞಾನ ಬೇರೆ ಪುಸ್ತಕವಾಗುತ್ತದೆ, ಗಣಿತದಲ್ಲಿ ಋಣ ಸಂಖ್ಯೆ, ಬೀಜಗಣಿತ ಶುರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲೇ 6ರಿಂದ 8ಕ್ಕೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಬೇಕು, 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರಿರಬೇಕು ಎಂದಿದೆ. ಈ ತರಗತಿಗಳಿಗೆಂದೇ ರಾಜ್ಯದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರು ಎಂಬ ಬೇರೆ ವೃಂದವಿದೆ. 2022ರಲ್ಲಿ 15,000 ಹುದ್ದೆಗೆ ಅರ್ಜಿ ಕರೆದದ್ದು ಈ ವೃಂದಕ್ಕೇ. ಹಾಗಾಗಿ ಶಾಲೆಗೆ ಹೋದಾಗ "ಟೀಚರ್ ಎಷ್ಟು ಜನ ಇದಾರೆ" ಎಂದು ಕೇಳಿ ಬಂದುಬಿಡಬೇಡಿ. "ಆರು, ಏಳಕ್ಕೆ ಗಣಿತ ಯಾರು ತಗೋತಾರೆ? ಅವರು ಕಾಯಂ ಅಥವಾ ಅತಿಥಿಯೇ? ಈ ವರ್ಷ ವರ್ಗಾವಣೆಗೆ ಹಾಕಿದಾರಾ?" ಎಂದು ಕೇಳಿ. ಕೇಳಲು ಸಂಕೋಚವಾದರೆ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯರನ್ನು ಕೇಳಿ. ಅವರೂ ಅದೇ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರೇ, ಹೇಳುತ್ತಾರೆ.

ಇದನ್ನು ಕಲಿಸಿದ್ದು ನನ್ನ ಮಗಳ ನೋಟ್‌ಬುಕ್ಕು. ಅವಳು ಆರನೆಯದರಲ್ಲಿದ್ದಾಗ ದೀಪಾವಳಿ ರಜೆಯಲ್ಲಿ ಹೊಸ ಬೈಂಡು ಹಾಕೋಣವೆಂದು ಪುಸ್ತಕಗಳನ್ನೆಲ್ಲ ಅಂಗಡಿಗೆ ತಂದಿದ್ದೆ. ಕನ್ನಡದ್ದು ತುಂಬಿ ಎರಡನೆಯದು ನಡೆಯುತ್ತಿತ್ತು. ಸಮಾಜ ಅರ್ಧ. ಗಣಿತದ್ದು ತೆರೆದರೆ ಹದಿನಾಲ್ಕು ಪುಟ. ಕೊನೆಯ ಪುಟದ ಮೇಲೆ ಅವಳ ದುಂಡಕ್ಷರದಲ್ಲಿ ಆಗಸ್ಟ್ ತಿಂಗಳ ತಾರೀಖು, ಕೆಂಪು ಶಾಯಿಯ ರೈಟು ಜುಲೈಗೇ ನಿಂತಿತ್ತು. "ಮೇಷ್ಟ್ರು ಬೇರೆ ಶಾಲೆಗೆ ಡೆಪ್ಯುಟೇಷನ್ ಹೋಗಿದಾರಪ್ಪ, ಆ ಪೀರಿಯಡ್‌ನಲ್ಲಿ ಕಾಪಿ ಬರಿತೀವಿ" ಎಂದಳು. ಅಲ್ಲಿ ಇಬ್ಬರು ನಿವೃತ್ತರಾಗಿದ್ದರು, ಇಲ್ಲಿಂದ ಒಬ್ಬರನ್ನು ಕಳಿಸಿದ್ದರು. ಯಾರನ್ನು ಬೈಯುವುದು? ಆದರೆ ಎರಡು ತಿಂಗಳು ಅಪ್ಪನಾದ ನನಗೇ ಗೊತ್ತಾಗಿರಲಿಲ್ಲ ನೋಡಿ, ಅದು ಚುಚ್ಚಿತು.

ಹಾಗಾಗಿ ಈಗ ಯಾರು ಸಲಹೆ ಕೇಳಿದರೂ ಹೇಳುತ್ತೇನೆ: ನೀವು ಸೇರಿಸಬೇಕೆಂದಿರುವ ಶಾಲೆಯಲ್ಲಿ ಈಗ ಆರು ಅಥವಾ ಏಳನೆಯದರಲ್ಲಿರುವ ಪರಿಚಯದ ಮಗುವನ್ನು ಹಿಡಿದು ಗಣಿತದ ನೋಟ್‌ಬುಕ್ ಕೇಳಿ. ಎಷ್ಟು ಪುಟ ಆಗಿದೆ, ಕೊನೆಯ ತಾರೀಖು ಯಾವುದು, ತಿದ್ದಿದ್ದಾರೋ ಇಲ್ಲವೋ, ತಪ್ಪಿಗೆ ಬರೀ ಇಂಟು ಹಾಕಿದ್ದಾರೋ ಪಕ್ಕದಲ್ಲಿ ಸರಿ ಮಾಡಿ ತೋರಿಸಿದ್ದಾರೋ. ಎರಡು ಶಾಲೆಯ ಎರಡು ನೋಟ್‌ಬುಕ್ ಅಕ್ಕಪಕ್ಕ ಇಟ್ಟರೆ ಬೇರೆ ಹೋಲಿಕೆ ಬಹುಮಟ್ಟಿಗೆ ಬೇಡ.

ಸಣ್ಣ ಶಾಲೆಗೊಂದು ಅನುಕೂಲವಿದೆ, ಅದನ್ನೂ ಹೇಳಬೇಕು. ಆರು-ಏಳು ಸೇರಿ ಹದಿನೈದಿಪ್ಪತ್ತು ಮಕ್ಕಳಿರುವ ಕಡೆ ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಟ್ಯೂಷನ್ನೇ ಬೇಕಿಲ್ಲ. ಯಾವ ಹುಡುಗನಿಗೆ ಭಾಗಾಕಾರ ಬರುವುದಿಲ್ಲ, ಯಾವ ಹುಡುಗಿ ನಿನ್ನೆ ಯಾಕೆ ಬರಲಿಲ್ಲ, ಎಲ್ಲ ಅವರಿಗೆ ಗೊತ್ತು. ತೊಂದರೆ ಬೇರೆ ಕಡೆ ಇದೆ. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರನ್ನು 'ಹೆಚ್ಚುವರಿ' ಎಂದು ಲೆಕ್ಕ ಹಾಕಿ ಬೇರೆಡೆಗೆ ಕಳಿಸುತ್ತಾರೆ. ಅವರು ಹೋದರೆಂದು ಇನ್ನೆರಡು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಸಂಖ್ಯೆ ಮತ್ತೆ ಇಳಿಯುತ್ತದೆ. ಹೀಗೆ ಮೂರು ವರ್ಷದಲ್ಲಿ ಬರಿದಾದ ಶಾಲೆಯನ್ನು ನೀವೂ ಕಂಡಿರುತ್ತೀರಿ. ಕಳೆದ ಮೂರು ವರ್ಷದ ದಾಖಲಾತಿ ಏರುತ್ತಿದೆಯೋ ಇಳಿಯುತ್ತಿದೆಯೋ ಕೇಳಿ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಹೆಡ್‌ಮಾಸ್ಟರೇ ಪಾಠವನ್ನೂ ಮಾಡಬೇಕಾಗಿರುತ್ತದೆ. ಬಿಇಒ ಕಚೇರಿಯ ಮೀಟಿಂಗು, ಬಿಸಿಯೂಟದ ಲೆಕ್ಕ, ಚುನಾವಣೆ ಪಟ್ಟಿ ಎಲ್ಲವೂ ಅವರ ತಲೆಯ ಮೇಲೆ. ಅವರೇ ಗಣಿತದವರೂ ಆಗಿದ್ದರೆ ಸ್ವಲ್ಪ ಯೋಚಿಸಿ.

ಶಾಲೆಗೆ ಹೋಗುವ ಮೊದಲೇ ಒಂದಿಷ್ಟು ತಿಳಿಯಬೇಕೆಂದರೆ ಯು-ಡೈಸ್ ಎಂಬ ಸರ್ಕಾರಿ ಶಾಲಾ ಮಾಹಿತಿ ಜಾಲತಾಣ ನೋಡಿ. ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇದೆ, ಕರ್ನಾಟಕದ್ದೆಲ್ಲ 29ರಿಂದ ಶುರು. ಮೊಬೈಲಿನಲ್ಲಿ ಹುಡುಕಿದರೆ ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ, ಮಕ್ಕಳ ಲೆಕ್ಕ ಸಿಗುತ್ತದೆ. ಅಲ್ಲಿರುವ ಲೆಕ್ಕ ಹಿಂದಿನ ವರ್ಷದ್ದಿರಬಹುದು. ಶೌಚಾಲಯ 'ಇದೆ' ಎಂದಷ್ಟೇ ಇರುತ್ತದೆ. ಅದಕ್ಕೆ ಬೀಗ ಹಾಕಿದೆಯೋ, ನೀರು ಬರುತ್ತದೆಯೋ ಎಂಬುದಕ್ಕೆ ನೀವೇ ಹೋಗಬೇಕು. ಆರನೆಯದಕ್ಕೆ ಬರುವ ಹೆಣ್ಣುಮಗುವಿನ ಅಮ್ಮ ಖುದ್ದಾಗಿ ಹೋಗಿ ನೋಡಿಬರಲಿ, ಈ ಕೆಲಸ ಅಪ್ಪಂದಿರಿಂದ ಆಗುವುದಿಲ್ಲ.

ಊಟದ ವಿಚಾರ ಇಲ್ಲಿ ಮುಗಿಸಿಬಿಡುತ್ತೇನೆ. ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಪುಸ್ತಕ, ಸಮವಸ್ತ್ರ, ಶೂ ಎಲ್ಲ ಸರ್ಕಾರಿ ಶಾಲೆಗೂ ಒಂದೇ. ಈ ಬಾಬತ್ತಿನಲ್ಲಿ ಹೋಲಿಸಲು ಏನೂ ಇಲ್ಲ.

ದಾರಿ, ಬಸ್ಸು, ಆನೆ

ಕಾಯ್ದೆಯ ಪ್ರಕಾರ 6ರಿಂದ 8ರವರೆಗಿನ ಶಾಲೆ 3 ಕಿಲೋಮೀಟರ್ ಒಳಗೆ ಇರಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನಲ್ಲಿ ಮೂರು ಕಿಲೋಮೀಟರ್ ಎಂದರೆ ಮಕ್ಕಳು ಸೈಕಲ್ಲಿನಲ್ಲಿ ಮಾತಾಡುತ್ತ ಹೋಗುವಷ್ಟು. ಸಕಲೇಶಪುರದ ಹೆತ್ತೂರು, ಹಾನುಬಾಳು ಕಡೆ, ನಮ್ಮ ಕೆಂಚಮ್ಮನ ಹೊಸಕೋಟೆ ಕಡೆ ಅದೇ ಮೂರು ಕಿಲೋಮೀಟರ್ ಬೇರೆಯೇ. ಜುಲೈನಲ್ಲಿ ಹಳ್ಳ ತುಂಬಿರುತ್ತದೆ. ಕಾಫಿ ಹಣ್ಣಾಗುವ ಕಾಲಕ್ಕೆ ತೋಟದೊಳಗೆ ಆನೆ. ಅರಣ್ಯ ಇಲಾಖೆಯ ಎಚ್ಚರಿಕೆಯ ಮೆಸೇಜು ಬೆಳಿಗ್ಗೆ ಏಳಕ್ಕೆ ಬಂದರೆ ಆ ದಿನ ಮಗುವನ್ನು ನಡೆದು ಕಳಿಸುವ ತಾಯಿ ಯಾರಿದ್ದಾರೆ? ಹಾಗಾಗಿ ಮಲೆನಾಡಿನ ಮಗ್ಗುಲಿನವರು ಶಾಲೆಯ ದೂರ ಅಳೆಯುವುದನ್ನು ಬಿಟ್ಟು ಬಸ್ ಇಳಿದ ಮೇಲೆ ಮನೆಗೆ ಎಷ್ಟು ನಡೆಯಬೇಕು ಎಂಬುದನ್ನು ಅಳೆಯಬೇಕು. ಒಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಮನೆ ಬಾಗಿಲಿಗೆ ಇಳಿಯುವ ಶಾಲೆ, ಎರಡು ಕಿಲೋಮೀಟರ್ ತೋಟದ ದಾರಿಯಲ್ಲಿ ನಡೆಸುವ ಶಾಲೆಗಿಂತ ಹತ್ತಿರ.

ಬಸ್ಸಿನಲ್ಲೂ ಒಂದು ಲೆಕ್ಕವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಒಂದೇ ಮನೆಯ ಅಕ್ಕ ಹೋಬಳಿ ಶಾಲೆಗೆ, ತಮ್ಮ ಊರ ಶಾಲೆಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ಹಿಂದೆಲ್ಲ ಇದು ಉಲ್ಟಾ ಇತ್ತು! ಆದರೆ ಶಕ್ತಿ ಖಾಸಗಿ ಬಸ್ಸಿಗೆ ನಡೆಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಯ ನಂಟರು ಇದನ್ನು ನೆನಪಿಡಬೇಕು, ಅಲ್ಲಿ ಎಷ್ಟೋ ದಾರಿಗೆ ಖಾಸಗಿ ಬಸ್ಸೇ ಗತಿ. ಬೆಳಿಗ್ಗೆಯ ಬಸ್ಸನ್ನು ಎಲ್ಲರೂ ನೋಡುತ್ತಾರೆ. ಸಂಜೆಯದು ಎಷ್ಟಕ್ಕೆ, ಅದು ತಪ್ಪಿದರೆ ಮುಂದಿನದು ಯಾವಾಗ ಎಂಬುದನ್ನೂ ನೋಡಿ. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ, ಆ ಹೊತ್ತಿಗೆ ವಾಪಸ್ ಬಸ್ ಇಲ್ಲದ ಊರುಗಳಿವೆ.

ಮಳೆ ರಜೆಯನ್ನೂ ಕೇಳಿ. 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ಆಗಬೇಕು. ಸಕಲೇಶಪುರ, ಆಲೂರಿಗೆ ಜುಲೈ-ಆಗಸ್ಟ್‌ನಲ್ಲಿ ರಜೆ ಘೋಷಣೆಯಾಗುವುದು ಹೊಸದಲ್ಲ. ಹೋದ ದಿನಗಳನ್ನು ಹೇಗೆ ತುಂಬಿಕೊಟ್ಟಿರಿ ಎಂದು ಕೇಳಿದಾಗ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ ಮೇಜಿನ ಡ್ರಾಯರಿನಿಂದ ಹಾಳೆ ತೆಗೆದು ಯಾವ ಶನಿವಾರ ಮಧ್ಯಾಹ್ನ ಯಾವ ತರಗತಿ ಎಂದು ತೋರಿಸಿದರು. ಇನ್ನೊಂದು ಕಡೆ "ಮಾಡ್ತೀವಿ ಸಾರ್" ಎಂದರು. ನಾನು ಆ ಹಾಳೆಗೆ ಅಂಕ ಕೊಟ್ಟೆ.

ಕನ್ನಡವೋ ಇಂಗ್ಲಿಷೋ, ಹಳ್ಳಿಯೋ ಪೇಟೆಯೋ

2019-20ರಲ್ಲಿ ಸರ್ಕಾರ ಒಂದು ಸಾವಿರ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಶುರುಮಾಡಿತು. ಆ ಮೊದಲ ಮಕ್ಕಳು ಆರನೇ ಕ್ಲಾಸಿಗೆ ಬಂದದ್ದು 2024-25ರಲ್ಲಿ. ಒಂದರಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಬಂದ ಮಕ್ಕಳ ನಡುವೆ ಐದು ವರ್ಷ ಕನ್ನಡದಲ್ಲಿ ಓದಿದ ನಿಮ್ಮ ಮಗುವನ್ನು ತಂದು ಕೂರಿಸುವ ಮೊದಲು ಒಂದು ಪ್ರಯೋಗ ಮಾಡಿ. ಆರನೆಯ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕ ತಂದು ಒಂದು ಪುಟ ಓದಿಸಿ, ಕನ್ನಡದಲ್ಲಿ ಏನು ಅರ್ಥವಾಯಿತೆಂದು ಕೇಳಿ. ಅರ್ಧದಷ್ಟಾದರೂ ಹೇಳಿದರೆ ಸರಿ. ಬರೀ ಅಕ್ಷರ ಕೂಡಿಸಿ ಓದುತ್ತಿದ್ದರೆ ಮೊದಲ ವರ್ಷ ವಿಜ್ಞಾನ ಹೋಗಿ ಸ್ಪೆಲಿಂಗ್ ಕ್ಲಾಸ್ ಆಗುತ್ತದೆ. ಕನ್ನಡ ಮಾಧ್ಯಮದಲ್ಲೇ ಇದ್ದರೂ ಇಂಗ್ಲಿಷ್ ಒಂದು ವಿಷಯವಾಗಿ ಇದ್ದೇ ಇರುತ್ತದೆ.

ಇನ್ನೊಂದು ವಿಚಾರ ನನ್ನ ಅಂಗಡಿಯಲ್ಲಿ ಆರೇಳು ವರ್ಷ ತಡವಾಗಿ ಗೊತ್ತಾಗುತ್ತದೆ. ಸಿಇಟಿಗೆ ದಾಖಲೆ ಹೊಂದಿಸಲು ಬಂದಾಗ. ಸಿಇಟಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ 25, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಒಂದರಿಂದ ಹತ್ತನೆಯವರೆಗೆ ಪೂರ್ತಿ ಓದಿರಬೇಕು. ಐದು ವರ್ಷ ಹಳ್ಳಿಯಲ್ಲಿ ಓದಿ ಆರಕ್ಕೆ ಹಾಸನದ ಪೇಟೆ ಶಾಲೆಗೆ ಸೇರಿದ ಹುಡುಗನಿಗೆ ಗ್ರಾಮೀಣ ಪ್ರಮಾಣಪತ್ರ ಸಿಗದು. ನಮ್ಮ ಆಲೂರೇ ಪಟ್ಟಣ ಪಂಚಾಯಿತಿ, ನೋಡಲು ಹಳ್ಳಿಯಂತಿದ್ದರೂ ಲೆಕ್ಕಕ್ಕೆ ಪೇಟೆ. "ಮೂರು ಕಿಲೋಮೀಟರ್ ಆಚೆ ಸೇರಿಸಿದ್ರೆ ಸಿಗ್ತಿತ್ತಾ ಅಣ್ಣ?" ಎಂದು ಒಬ್ಬ ಹುಡುಗ ಕೇಳಿದಾಗ ಹೌದೆನ್ನಲು ಬಾಯಿ ಬರಲಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಕನ್ನಡ ಮಾಧ್ಯಮದ್ದೂ ಹಾಗೆಯೇ ಹೋಗುತ್ತದೆ. ಇದಕ್ಕೋಸ್ಕರ ಒಳ್ಳೆಯ ಶಾಲೆ ಬಿಡಿ ಎನ್ನುತ್ತಿಲ್ಲ. ಆದರೆ ಎರಡು ಶಾಲೆ ಸಮವಾಗಿ ಕಂಡಾಗ ತಕ್ಕಡಿಗೆ ಈ ಕಲ್ಲು ಹಾಕಿ.

ನವೋದಯ

ಹಾಸನ ಜಿಲ್ಲೆಯದು ಮಾವಿನಕೆರೆಯಲ್ಲಿ, ಹೊಳೆನರಸೀಪುರದ ಕಡೆ. ಚಿಕ್ಕಮಗಳೂರು ಜಿಲ್ಲೆಯದು ಬಾಳೆಹೊನ್ನೂರಿನಲ್ಲಿ. ಆರರಿಂದ ಹನ್ನೆರಡರವರೆಗೆ ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದು. ಸಿಬಿಎಸ್‌ಇ ಪಠ್ಯ. ಒಂಬತ್ತರಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಎಂಬ ಶುಲ್ಕ ಇದೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಸೀಟು ಸಿಕ್ಕಿ, ಮಗುವಿಗೆ ಮನಸ್ಸಿದ್ದರೆ ಎರಡು ಮಾತಿಲ್ಲ, ಕಳಿಸಿ.

ಎಡವುವುದು ಅರ್ಜಿಯಲ್ಲೇ. ಮಗು ಯಾವ ಜಿಲ್ಲೆಯಲ್ಲಿ ಐದನೆಯದು ಓದುತ್ತಿದೆಯೋ ಅದೇ ಜಿಲ್ಲೆಯ ನವೋದಯಕ್ಕೆ, ವಾಸವೂ ಅದೇ ಜಿಲ್ಲೆಯಲ್ಲಿರಬೇಕು. ಬೇಲೂರಿನಲ್ಲಿ ಮನೆ, ಚಿಕ್ಕಮಗಳೂರಿನಲ್ಲಿ ಶಾಲೆ ಎನ್ನುವವರಿಗೆ ಇದು ತಲೆನೋವು. ಕನಿಷ್ಠ ಶೇ 75 ಸೀಟು ಗ್ರಾಮೀಣರಿಗೆ, ಆದರೆ ಅದಕ್ಕೆ ಮೂರು, ನಾಲ್ಕು, ಐದು ಮೂರೂ ವರ್ಷ ಪೂರ್ತಿ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಒಂದು ದಿನ ಪೇಟೆ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ನಗರದ ಲೆಕ್ಕ. 'ಕೋಚಿಂಗ್ ಚೆನ್ನಾಗಿದೆ' ಎಂದು ಐದನೆಯದಕ್ಕೆ ಮಗುವನ್ನು ಊರ ಶಾಲೆಯಿಂದ ಬಿಡಿಸಿ ಪೇಟೆಗೆ ಹಾಕುವವರು, ಯಾವುದಕ್ಕಾಗಿ ಕೋಚಿಂಗೋ ಆ ಮೀಸಲನ್ನೇ ಕಳೆದುಕೊಳ್ಳುತ್ತಾರೆ.

ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಚಿತ್ರ ಹೊಂದಿಸುವ ಮಾನಸಿಕ ಸಾಮರ್ಥ್ಯಕ್ಕೆ, 25 ಲೆಕ್ಕಕ್ಕೆ, 25 ಭಾಷೆಗೆ. ಕನ್ನಡದಲ್ಲೇ ಬರೆಯಬಹುದು. ಎರಡನೇ ಸಲ ಅವಕಾಶವಿಲ್ಲ. ಚಿತ್ರದ ಪ್ರಶ್ನೆಗಳನ್ನು ಶಾಲೆಯಲ್ಲಿ ಯಾರೂ ಕಲಿಸುವುದಿಲ್ಲವಾದ್ದರಿಂದ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಹಳೆಯ ಪ್ರಶ್ನೆಪತ್ರಿಕೆ ಮಾಡಿಸಿದರೆ ಸಾಕಷ್ಟು ಅಭ್ಯಾಸವಾಗುತ್ತದೆ.

ಕಳಿಸಿದ ಮೇಲೆ ಕಾಡುವುದು ಬೇರೆ. ಹತ್ತು-ಹನ್ನೊಂದರ ಮಗು ಹಾಸಿಗೆ ಸುತ್ತಿಕೊಂಡು ಟ್ರಂಕು ಹಿಡಿದು ಹೊರಡುತ್ತದೆ. ಮೊದಲ ತಿಂಗಳು ಅಳದ ಮನೆಯಿಲ್ಲ. ಒಂಬತ್ತನೆಯದರಲ್ಲಿ ಒಂದಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಕಳಿಸಿ, ಅಲ್ಲಿಯವರನ್ನು ಇಲ್ಲಿಗೆ ತರುವ ಪದ್ಧತಿಯೂ ಇದೆ. ಅರ್ಜಿ ಹಾಕಲು ಬಂದವರಿಗೆ ಇದನ್ನು ಹೇಳಿದರೆ "ಹೌದಾ?" ಎಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ರಾತ್ರಿ ಅಮ್ಮನ ಪಕ್ಕ ಬಿಟ್ಟು ಮಲಗದ ಮಗುವಾದರೆ ದಸರಾ ರಜೆಯಲ್ಲಿ ಹದಿನೈದು ದಿನ ಅಜ್ಜಿಮನೆಯಲ್ಲಿ ಒಂಟಿಯಾಗಿ ಬಿಟ್ಟು ನೋಡಿ. ಎಂಟನೇ ದಿನ ಏನಂತದೆ ಅಂತ ನೋಡಿ ಆಮೇಲೆ ತೀರ್ಮಾನಿಸಿ.

ಮೊರಾರ್ಜಿ ಮತ್ತು ಅದರ ಅಣ್ಣತಮ್ಮಂದಿರು

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ಇಂದಿರಾ ಗಾಂಧಿ ಹೀಗೆ ಹೆಸರು ಹಲವು, ಬಹುತೇಕ ಎಲ್ಲವನ್ನೂ ನಡೆಸುವುದು ಒಂದೇ ಸಂಘ. ಆರರಿಂದ ಹತ್ತು, ರಾಜ್ಯ ಪಠ್ಯ, ಇಂಗ್ಲಿಷ್ ಮಾಧ್ಯಮ, ಊಟ ವಸತಿ ಉಚಿತ. ಪ್ರವೇಶ ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಸೀಟು ಹಂಚಿಕೆ ನಿಂತಿರುವುದರಿಂದ ಅದರ ಅವಧಿ ಮುಗಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕೊನೆಯ ದಿನ ನಾಡಕಚೇರಿಯ ಮುಂದೆ ನಿಲ್ಲುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಇವುಗಳಲ್ಲಿ ಒಂದಕ್ಕೊಂದಕ್ಕೆ ಅಜಗಜಾಂತರ. ಸ್ವಂತ ಕಟ್ಟಡ, ಆಟದ ಮೈದಾನ, ಡಾರ್ಮಿಟರಿ ಇರುವ ಕಡೆ ಹೋದರೆ ಖುಷಿಯಾಗುತ್ತದೆ. ಬಾಡಿಗೆ ಕಟ್ಟಡದಲ್ಲಿರುವ ಕಡೆ ಹಗಲು ಪಾಠ ನಡೆದ ಕೋಣೆಯಲ್ಲೇ ರಾತ್ರಿ ಹಾಸಿಗೆ ಬಿಚ್ಚುವುದನ್ನೂ ನೋಡಿದ್ದೇನೆ. ಆಯ್ಕೆ ಪಟ್ಟಿಯಲ್ಲಿ ಶಾಲೆಗಳ ಸರದಿ ತುಂಬುವ ಮೊದಲು ಕನಿಷ್ಠ ಮೊದಲ ಎರಡನ್ನಾದರೂ ಕಣ್ಣಾರೆ ನೋಡಿ. ಸ್ನಾನದ ಮನೆಗೆ ಬಿಸಿನೀರು ಬರುತ್ತದೆಯೇ, ನಿಲಯಪಾಲಕರು ರಾತ್ರಿ ಅಲ್ಲೇ ಇರುತ್ತಾರೆಯೇ, ಜ್ವರ ಬಂದರೆ ಯಾರು ಎಲ್ಲಿಗೆ ಕರೆದೊಯ್ಯುತ್ತಾರೆ, ಈ ಮೂರು ಸಾಕು. ಕಾಫಿ ತೋಟದ ಲೈನಿನಲ್ಲಿದ್ದು ಕೆಲಸ ಹುಡುಕಿ ಊರೂರು ಬದಲಿಸುವ ಮನೆಯ ಮಕ್ಕಳಿಗೆ ಈ ಶಾಲೆಗಳು ದೊಡ್ಡ ಆಸರೆ. ಅಪ್ಪ-ಅಮ್ಮ ಯಾವ ತೋಟದಲ್ಲಿದ್ದರೂ ಓದು ಒಂದೇ ಕಡೆ ನಡೆಯುತ್ತದೆ. ಅಂಥವರಿಗೆ ನಾನು ನವೋದಯಕ್ಕಿಂತ ಮೊದಲು ಇದನ್ನೇ ಹೇಳುವುದು.

ವಸತಿ ಶಾಲೆಗೆ ಹೋದವರಿಗೆ ಸಿಗದ, ದಿನಾ ಮನೆಯಿಂದ ಹೋಗುವವರಿಗೆ ಸಿಗುವ ಒಂದು ಸಂಗತಿಯಿದೆ: ಕೇಂದ್ರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರು ಬರೆಯಬಹುದು. ಮನೆಯ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರಿ ವಸತಿ ಶಾಲೆಯವರಿಗೆ ಇದು ಇಲ್ಲ. ಹತ್ತಿರದ ಶಾಲೆಗೆ ಹೋದಾಗ ಕಳೆದ ವರ್ಷ ಎಷ್ಟು ಮಕ್ಕಳು ಇದನ್ನು ಬರೆದರು ಎಂದು ಕೇಳಿ. 'ಅದೇನದು' ಎನ್ನುವ ಹೈಸ್ಕೂಲಿಗೂ, ಬರೆದವರ ಪಟ್ಟಿ ಗೋಡೆಗೆ ಅಂಟಿಸಿರುವ ಹೈಸ್ಕೂಲಿಗೂ ವ್ಯತ್ಯಾಸ ನೀವೇ ತಿಳಿಯುತ್ತೀರಿ.

ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸುವುದು ಒಂದನೇ ತರಗತಿಗೆ, ಆರಕ್ಕೆ ಖಾಲಿ ಇದ್ದರೆ ಮಾತ್ರ, ಅದೂ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗೆ ಮೊದಲು. ಕೇಂದ್ರದ 'ಪಿಎಂ ಶ್ರೀ' ಯೋಜನೆಯ ಬೋರ್ಡು ಕಂಡರೆ ಲ್ಯಾಬು, ಕಟ್ಟಡಕ್ಕೆ ದುಡ್ಡು ಬಂದಿದೆ ಎಂದು ತಿಳಿಯಿರಿ, ಗಣಿತದವರು ಬಂದಿದ್ದಾರೋ ಎಂದು ಬೇರೆ ಕೇಳಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಫ್ಲೆಕ್ಸು ನೋಡಿ ಆರನೇ ಕ್ಲಾಸು ತೀರ್ಮಾನಿಸಬೇಡಿ. 2019ರಲ್ಲಿ ನಮ್ಮ ಜಿಲ್ಲೆಯೇ ರಾಜ್ಯಕ್ಕೆ ಮೊದಲು ಬಂದಿತ್ತು. ಅದೇ ಜಿಲ್ಲೆಯ ನೋಟ್‌ಬುಕ್ಕೇ ನನ್ನ ಮಗಳದ್ದೂ.

ನಾನು ಏನು ಮಾಡಿದೆ

ಈಗ ಮಗನ ಸರದಿ. ನಮ್ಮೂರ ಶಾಲೆ ಮನೆಯಿಂದ ಕೂಗಳತೆಯಲ್ಲಿ, ಏಳನೆಯವರೆಗೆ. ಹೋಬಳಿ ಕೇಂದ್ರದ ಕೆಪಿಎಸ್ ಒಂಬತ್ತು ಕಿಲೋಮೀಟರ್, ಬಸ್ ಇಳಿದರೆ ಮನೆಗೆ ಐದು ನಿಮಿಷ. ಆ ಊರೂ ಗ್ರಾಮ ಪಂಚಾಯಿತಿಯದೇ, ಕನ್ನಡ ಮಾಧ್ಯಮವೂ ಇದೆ, ಎರಡು ಪ್ರಮಾಣಪತ್ರವೂ ಉಳಿಯುತ್ತವೆ. ನವೋದಯದ ಅರ್ಜಿಯನ್ನೂ ಹಾಕಿದ್ದೇನೆ, ಸುಳ್ಳೇಕೆ. ಎರಡೂ ಕಡೆ ನೋಟ್‌ಬುಕ್ ನೋಡಿದೆ. ಊರ ಶಾಲೆಯದು ನಿಜಕ್ಕೂ ಚೆನ್ನಾಗಿತ್ತು, ಪ್ರತಿ ಪುಟಕ್ಕೂ ಕೆಂಪು ಶಾಯಿ. ಆದರೆ ಗಣಿತದ ಮೇಷ್ಟ್ರು ಬರುವ ವರ್ಷ ನಿವೃತ್ತರು, ಮಕ್ಕಳ ಸಂಖ್ಯೆ ಮೂರು ವರ್ಷದಿಂದ ಇಳಿಯುತ್ತಿದೆ. ನನ್ನ ಹೆಂಡತಿಗೆ ಊರ ಶಾಲೆಯೇ ಇರಲಿ ಎಂದಿತ್ತು. "ಎಲ್ಲರೂ ಹೀಗೆ ಬಿಟ್ಟು ಹೋದ್ರೆ ಶಾಲೆ ಉಳಿಯೋದು ಹೆಂಗೆ?" ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮಗನನ್ನು ಕೆಪಿಎಸ್‌ಗೆ ಹಾಕುವುದೆಂದು ಮಾತಾಯಿತು.

ನೀವು ಯಾವುದನ್ನೇ ಆರಿಸಿ, ಹೊಸ ಶಾಲೆಯಲ್ಲಿ ಸೀಟು ಖಚಿತವಾಗುವವರೆಗೆ ಹಳೆಯ ಶಾಲೆಯಿಂದ ಟಿ.ಸಿ. ತೆಗೆಸಬೇಡಿ. ಟಿ.ಸಿ.ಯಲ್ಲಿರುವ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಹೆಡ್‌ಮಾಸ್ಟರ ಮುಂದೆಯೇ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಸ್ಯಾಟ್ಸ್ ನಂಬರನ್ನು, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆಯನ್ನು, ಒಂದು ಕಡೆ ಬರೆದಿಟ್ಟುಕೊಳ್ಳಿ. ಜಾತಿ, ಆದಾಯ, ಟಿ.ಸಿ. ಎಲ್ಲದರದ್ದೂ ಎರಡೆರಡು ಜೆರಾಕ್ಸ್ ಇರಲಿ. ಅಂಗಡಿಯವನು ಹೇಳುತ್ತಿದ್ದಾನೆಂದು ನಗಬೇಡಿ, ಜೂನ್ ಮೊದಲ ವಾರ ಆಲೂರಿನಲ್ಲಿ ಕರೆಂಟು ಇರುವುದೇ ಅಪರೂಪ.